ಮಡಿಲು ಕಲಿಸಲು ಹೊರಟ ಶ್ವೇತಾ

ಶಿಗ್ಗಾಂವಿ ಊರ ಹೊರಗಿನ ಒಂದು ಬಾಲಮಂದಿರಕ್ಕೆ ‘ವಿಶ್ವ ಮಡಿಲು’ ಸಂಸ್ಥೆಯವರು ಬಂದದ್ದು ಮಕ್ಕಳು ಊಟಕ್ಕೆ ಕೂತ ಹೊತ್ತಿನಲ್ಲಿ. ಜಗತ್ತಿನ ಯಾವ ಮೂಲೆಯಲ್ಲಿ ಮಗು ಅತ್ತರೂ ತಮ್ಮ ಎದೆ ಮಿಡಿಯುತ್ತದೆ ಎಂದು ಅವರ ಜೀಪಿನ ಮೇಲೆ ಬರೆದಿತ್ತು. ಆ ಜೀಪಿನ ಹಾರ್ನಿಗೇ ಬೆಚ್ಚಿ ಇಬ್ಬರು ಚಿಕ್ಕವರು ಅಳತೊಡಗಿದರು. ಒಳಗೆ ಹಾರ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿದ್ದವರಿಗೆ ಅದು ಕೇಳಲಿಲ್ಲ. ನಡುವಯಸ್ಸಿನ ಡ್ರೈವರ್ ಮುಜಾಫರ ಮಾತ್ರ ಕೆಳಗಿಳಿದು, ಇಬ್ಬರನ್ನೂ ತನ್ನ ಸೀಟಿನ ಮೇಲೆ ಕೂರಿಸಿ, ಅವರ ಕೈಯಿಂದಲೇ ಹಾರ್ನ್ ಒತ್ತಿಸಿದ. ಅಳು ನಿಂತಿತು.

ಊಟದ ಕೋಣೆಯಲ್ಲಿ ಸಂಸ್ಥೆಯ ಸಂಯೋಜಕ ಚನ್ನೇಶನ ಕಣ್ಣಿಗೆ ಬಿದ್ದವರು ಶ್ವೇತಾ ಮತ್ತು ನೀಲಾ. ಶ್ವೇತಾ ಅಲ್ಲಿನ ಗೃಹಮಾತೆ, ಧಾರವಾಡದಲ್ಲಿ ಸಮಾಜಕಾರ್ಯ ಓದಿ ಬಂದವಳು. ಐದು ವರ್ಷದ ನೀಲಾ ಯಲವಿಗಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕವಳು. ಈಗ ಬರುತ್ತೇನೆ ಎಂದು ಹೇಳಿ ಹೋದ ತಾಯಿ ಬರಲೇ ಇಲ್ಲ. ಮಂದಿರಕ್ಕೆ ಬಂದ ಮೇಲೆ ಅವಳು ಯಾರ ಕೈಯಿಂದಲೂ ಉಣ್ಣಲಿಲ್ಲ. ಶ್ವೇತಾ ಪಕ್ಕದಲ್ಲಿ ಮಂಡಿಗೆ ಮಂಡಿ ತಾಗುವ ಹಾಗೆ ಕೂತು ತನ್ನ ಊಟ ತಾನು ಮಾಡುತ್ತಿದ್ದರೆ, ತುಸು ಹೊತ್ತಿಗೆ ನೀಲಾಳ ಕೈಯೂ ತಾಟಿಗೆ ಇಳಿಯುತ್ತಿತ್ತು. ಇದಕ್ಕೆ ಬೇಕಾದದ್ದು ಇಷ್ಟೇ: ಶ್ವೇತಾ ದಿನಾ ಅಲ್ಲಿರಬೇಕು.

ಚನ್ನೇಶ ಅದನ್ನು ವಿಡಿಯೋ ಮಾಡಿಕೊಂಡ. ತಿಂಗಳೊಳಗೆ ಆ ಕೂರುವಿಕೆಗೆ ‘ಮಂಡಿ ಸಾಮೀಪ್ಯ ಪದ್ಧತಿ’ ಎಂಬ ಹೆಸರು ಬಂತು. ಅದಕ್ಕೊಂದು ಲಾಂಛನವೂ ಬಂತು, ಎರಡು ಮಂಡಿಗಳ ನಡುವೆ ಒಂದು ಹೃದಯ. ಮಕ್ಕಳ ಹತ್ತಿರ ಕೂರುವುದನ್ನು ಇಷ್ಟು ಚೆನ್ನಾಗಿ ಬಲ್ಲವಳನ್ನು ಮಕ್ಕಳ ಹತ್ತಿರ ಕೂರಲು ಬಿಡುವುದು ದೊಡ್ಡ ನಷ್ಟ ಎಂದು ಸಂಸ್ಥೆ ತೀರ್ಮಾನಿಸಿತು. ಶ್ವೇತಾ ಮುಖ್ಯ ತರಬೇತುದಾರಳಾದಳು. ಮೊದಲು ಹಾನಗಲ್ಲು, ಆಮೇಲೆ ಸವಣೂರು, ಹಿರೇಕೆರೂರು. ಎಲ್ಲ ಸರಿಹೋದರೆ ನೈರೋಬಿಯ ವಿಶ್ವ ಸಮ್ಮೇಳನ.

ಶ್ವೇತಾಳಿಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದ್ದಕ್ಕೆ ಬೆಲೆ ಬಂತು ಎನಿಸಿತು. ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು, ನೈರೋಬಿಯಲ್ಲಿ ಚಳಿಯೋ ಸೆಕೆಯೋ ಎಂದು ಫೋನಿನಲ್ಲಿ ನೋಡಿದಳು. ಹೊರಡುವ ದಿನ ನೀಲಾಳ ತಲೆ ಸವರಿ, “ಇಲ್ಲೇ ಹಾನಗಲ್ಲಿಗೆ ಹೋಗಿ ಬರ್ತೇನವ್ವಾ,” ಎಂದಳು. ನೀಲಾ ಅವಳ ಮುಖ ನೋಡಲಿಲ್ಲ. ಬಾಗಿಲು ನೋಡಿದಳು.

ಮರುದಿನ ಹಾನಗಲ್ಲಿನ ತರಬೇತಿಗೆ ಸುತ್ತಲಿನ ನಾಲ್ಕು ತಾಲೂಕಿನ ಗೃಹಮಾತೆಯರು ಬಂದಿದ್ದರು. ಹಾಗಾದರೆ ನಾಲ್ಕೂ ತಾಲೂಕಿನ ಮಕ್ಕಳ ಹತ್ತಿರ ಈಗ ಯಾರಿದ್ದಾರೆ ಎಂಬ ಪ್ರಶ್ನೆ ಯಾರೋ ಒಬ್ಬರಿಗೆ ಬಂದಿತ್ತಂತೆ. ಅಷ್ಟರಲ್ಲಿ ಸವಣೂರು ಖಾರಾ, ಚಹಾ ಬಂತು. ನಿಜವಾದ ಮಕ್ಕಳ ಮೇಲೆ ಅಭ್ಯಾಸ ಮಾಡುವುದು ಅವರ ಘನತೆಗೆ ಕುಂದು ಎಂದು ನಿಯಮವಿದ್ದುದರಿಂದ, ಒತ್ತಿದರೆ ಅಳುವ ಗೊಂಬೆಗಳನ್ನು ತರಿಸಿದ್ದರು. ಹಿರೇಕೆರೂರು ಕಡೆಯ ಅಧೀಕ್ಷಕ ಗುದ್ಲೆಪ್ಪನವರು ತಮ್ಮ ಗೊಂಬೆಯನ್ನು ಕಾಲು ಹಿಡಿದು ಎತ್ತಿದರು. ಅದರ ಬ್ಯಾಟರಿ ಮುಗಿದಿತ್ತು. ಅತಿ ಬೇಗ ಮಗುವನ್ನು ಸಂತೈಸಿದವರೆಂದು ಅವರಿಗೆ ಚಪ್ಪಾಳೆ ಬಿತ್ತು. ಶ್ವೇತಾಳೂ ನಕ್ಕು ಚಪ್ಪಾಳೆ ತಟ್ಟಿದಳು.

ಸಂಜೆ ಮಂದಿರದ ಅಡುಗೆಯ ರಮಜಾನಬಿಯ ಫೋನ್ ಬಂತು. ನೀಲಾ ನಿನ್ನೆಯಿಂದ ಉಂಡಿಲ್ಲ, ನೀರಷ್ಟೇ ಕುಡಿಯುತ್ತಾಳೆ. ಬದಲಿಗೆ ಬಂದ ಸಾಯಿಮಾ ಪಾಪ ಒಳ್ಳೆಯ ಹುಡುಗಿ, ಹೇಳಿಕೊಟ್ಟ ಹಾಗೆಯೇ ಮಂಡಿಗೆ ಮಂಡಿ ತಾಗಿಸಿ ಕೂರುತ್ತಾಳೆ. ನೀಲಾ ತಾಟು ಎತ್ತಿಕೊಂಡು ಗೋಡೆಯ ಕಡೆ ತಿರುಗುತ್ತಾಳೆ. ರಮಜಾನಬಿ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಚ್ಚಿಟ್ಟಿದ್ದಾಳಂತೆ, ಯಾವಾಗಲಾದರೂ ಮನಸ್ಸಾದರೆ ತಿನ್ನಲಿ ಎಂದು.

ಶ್ವೇತಾ ಚನ್ನೇಶನ ಬಳಿ ಹೋಗಿ, ತಾನು ವಾಪಸ್ ಹೋಗಬೇಕು ಎಂದಳು. ಚನ್ನೇಶ ಕೆಟ್ಟವನಲ್ಲ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

“ನೋಡ್ರಿ ಮೇಡಂ, ಒಂದು ಕೂಸು ನೋಡ್ಕೊಂತ ಕುಂತ್ರ ಜಗತ್ತಿನ ಕೂಸುಗಳನ್ನ ಯಾರು ನೋಡ್ಬೇಕ್ರಿ?” ಎಂದ.

“ಅವಕ್ಕೂ ಒಂದೊಂದಕ್ಕ ಒಬ್ಬೊಬ್ರು ಇರಬೇಕಲ್ರಿ, ಸರ.”

“ಅದನ್ನ ಕಲಿಸಾಕ ಅಂತನ ನಿಮ್ಮನ್ನ ಕರ್ಕೊಂಡು ಅಡ್ಡಾಡಾಕತ್ತೇವಿ!”

ಉತ್ತರ ಬಾಯಲ್ಲಿತ್ತು. ನೈರೋಬಿ ಅಡ್ಡ ಬಂತು.

ಚನ್ನೇಶ ಒಂದು ಉಪಾಯ ಹೇಳಿದ. ಶ್ವೇತಾ ಉಣ್ಣುವ ವಿಡಿಯೋ ಮಾಡಿ ಕಳಿಸಿದರೆ, ಊಟದ ಹೊತ್ತಿಗೆ ಫೋನನ್ನು ನೀಲಾಳ ಪಕ್ಕಕ್ಕೆ ನಿಲ್ಲಿಸಬಹುದು. ಅಂದೇ ರಾತ್ರಿ ಹಾಗೆಯೇ ಮಾಡಿದರು. ನೀಲಾ ಮೊದಲು ಕಣ್ಣರಳಿಸಿದಳಂತೆ. ಆಮೇಲೆ ಫೋನನ್ನು ತಿರುವಿ ಅದರ ಹಿಂಬದಿ ನೋಡಿದಳು. ಮಂಚದ ಕೆಳಗೆ, ಅಡುಗೆಮನೆಯ ಬಾಗಿಲ ಹಿಂದೆ ನೋಡಿದಳು. ಎಲ್ಲೂ ಕಾಣದೆ, ಫೋನನ್ನು ಬೋರಲು ಹಾಕಿ ಮಲಗಿಬಿಟ್ಟಳು. ಇದನ್ನೆಲ್ಲ ರಮಜಾನಬಿ ಫೋನಿನಲ್ಲಿ ಹೇಳಿದಳು. ಚನ್ನೇಶ ಮಾತ್ರ ಮಗು ಪರದೆಯೊಡನೆ ಆಸಕ್ತಿಯಿಂದ ಸ್ಪಂದಿಸಿದೆ ಎಂದು ಕಚೇರಿಗೆ ತಿಳಿಸಿದ.

ಮರುದಿನ ಸವಣೂರಿನ ಕಾರ್ಯಕ್ರಮ ಮುಗಿದ ಮೇಲೆ ಶ್ವೇತಾಳನ್ನು ಹಾನಗಲ್ಲಿನ ವಸತಿಗೆ ಬಿಡಬೇಕಿತ್ತು. ಮುಜಾಫರ ಏನೂ ಕೇಳದೆ ಜೀಪನ್ನು ಶಿಗ್ಗಾಂವಿಯ ಕಡೆ ತಿರುಗಿಸಿದ. ಮಂದಿರದ ಮುಂದೆ ನಿಲ್ಲಿಸಿ, ಗಾಡಿ ಬಹಳ ಕಾದಿದೆ, ಮುಂಜಾನೆ ಹೊರಡೋಣ, ಇಲ್ಲಿಂದಲೇ ಹಿರೇಕೆರೂರಿಗೆ ಹೋದರಾಯಿತು ಎಂದ. ಗಾಡಿ ತಣ್ಣಗೇ ಇತ್ತು.

ನೀಲಾ ಓಡಿ ಬರಲಿಲ್ಲ. ಕಿಟಕಿಯ ಸರಳು ಹಿಡಿದು, ಬೆನ್ನು ಮಾಡಿ ನಿಂತಿದ್ದಳು. ಕುತ್ತಿಗೆ ಸಣ್ಣಗಾಗಿತ್ತು. ಶ್ವೇತಾ ಕರೆದಳು, ಮುದ್ದು ಮಾಡಲು ಹೋದಳು. ತಾನು ಎರಡು ದಿನ ಹಾಲ್ ತುಂಬ ಜನರಿಗೆ ಕಲಿಸಿದ್ದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಕಲಿಸುವುದನ್ನು ಬಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಸುಮ್ಮನೆ ಕೂತಳು. ಬಹಳ ಹೊತ್ತಿನ ಮೇಲೆ ನೀಲಾ ತಿರುಗದೆಯೇ ಕೇಳಿದಳು:

“ನಾಳಿಗೆ ಎಲ್ಲಿಗೆ ಹೊಂಟಿ ಅಕ್ಕಾ?”

ಹಿರೇಕೆರೂರು ಎನ್ನಲು ಶ್ವೇತಾಳಿಗೆ ಬಾಯಿ ಬರಲಿಲ್ಲ. ಎಲ್ಲಿಗೂ ಇಲ್ಲ ಎನ್ನಲೂ ಬರಲಿಲ್ಲ. ನೀಲಾ ರಮಜಾನಬಿ ತಂದ ಹಾಲನ್ನು ಅರ್ಧ ಕುಡಿದು ಹೋಗಿ ಮಲಗಿದಳು.

ಬೆಳಿಗ್ಗೆ ಜೀಪು ಸಿದ್ಧವಾಗಿತ್ತು. ಚನ್ನೇಶ ಫೋನಿನಲ್ಲಿ ಅವಸರ ಮಾಡುತ್ತಿದ್ದ. ನೈರೋಬಿಯ ಆಯ್ಕೆ ಮಾಡುವವರು ಇಂದೇ ಹಿರೇಕೆರೂರಿಗೆ ಬರುತ್ತಾರಂತೆ. ಶ್ವೇತಾ ಸೀರೆ ಸರಿಮಾಡಿಕೊಂಡು ಹೊಸ್ತಿಲಿಗೆ ಬಂದರೆ ಅವಳ ಚಪ್ಪಲಿ ಇರಲಿಲ್ಲ. ಸಾಯಿಮಾ ಅಂಗಳ ಹುಡುಕಿದಳು, ರಮಜಾನಬಿ ಬಚ್ಚಲು ನೋಡಿ ಬಂದಳು. ನೀಲಾ ಒಬ್ಬಳೇ ಹುಡುಕದೆ, ತನ್ನ ಹಾಸಿಗೆಯ ಸುರುಳಿಯ ಮೇಲೆ ಗಟ್ಟಿಯಾಗಿ ಕೂತಿದ್ದಳು. ಸುರುಳಿಯ ಒಂದು ತುದಿ ಉಬ್ಬಿತ್ತು.

ಸಾಯಿಮಾ ಬಾಯಿ ತೆರೆದಳು. ರಮಜಾನಬಿ ಅವಳ ಕೈ ಒತ್ತಿ ಸುಮ್ಮನಿರಿಸಿದಳು.

“ನಡೀರಿ ಅಕ್ಕಾರ, ದಾರ್ಯಾಗ ಹೊಸಾವು ತಗೊಳ್ಳೂಣು,” ಎಂದ ಮುಜಾಫರ ಅಂಗಳದಿಂದ. ಹೇಳುವುದು ಅವನ ಕೆಲಸ, ಹೇಳಿದ. ಆದರೆ ಎಂಜಿನ್ ಚಾಲೂ ಮಾಡಲಿಲ್ಲ.

ಶ್ವೇತಾ ಹಾಸಿಗೆಯ ಸುರುಳಿ ನೋಡಿದಳು. ಅದರ ಮೇಲೆ ಕೂತವಳು ಉಸಿರು ಬಿಗಿಹಿಡಿದಿದ್ದಳು.

“ಚಪ್ಪಲಿ ಸಿಕ್ರೂ ನಾ ಬರಾಂಗಿಲ್ರಿ, ಮುಜಾಫರಣ್ಣ. ಸರ್‌ಗೆ ಹಂಗಂತ ಹೇಳ್ರಿ,” ಎಂದಳು.

ಒಳಗೆ ನಾಷ್ಟಾದ ಗಂಟೆ ಹೊಡೆಯಿತು. ಶ್ವೇತಾ ಬರಿಗಾಲಲ್ಲೇ ಹೋಗಿ, ಮಕ್ಕಳ ಸಾಲಿನಲ್ಲಿ ತನ್ನ ಜಾಗ ಹಿಡಿದು ಕೂತಳು.