ವೇದಿಕೆ ಹುಡುಕಿದ ಮೈಕ್ ಮೇಷ್ಟ್ರು

ಮೇಳದ ಮೂಲೆಮೂಲೆಯೂ ತನಗೆ ಅಂಗೈ ಗೆರೆಯಷ್ಟೇ ಚೆನ್ನಾಗಿ ಗೊತ್ತು ಎಂದು ಮೈಕ್ ಮೇಷ್ಟ್ರು ನಂಬಿದ್ದರು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದದ್ದಕ್ಕಿಂತ ಮೇಳದಲ್ಲಿ ಮೈಕು ಹಿಡಿದದ್ದೇ ಹೆಚ್ಚು. ಹೆಸರು ಅಂಟಿಕೊಂಡಿದ್ದೂ ಹಾಗೆಯೇ. ಮಂಡಿನೋವಿನಿಂದ ಕೆಲವು ವರ್ಷ ಮನೆ ಹಿಡಿದಿದ್ದವರನ್ನು ಸಮಿತಿಯವರು ಈ ಸಲ ಮೇಳದ ಚರಿತ್ರೆ ಹೇಳಲು ಕರೆದಿದ್ದರು.

ಗೇಟಿನಲ್ಲೇ ಹೆಂಡತಿ ಎಚ್ಚರಿಸಿದರು: "ರೀ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ. ಜಾಗ ಎಲ್ಲ ಬದಲಾಗಿದೆಯಂತೆ."

"ಮೀನಿಗೆ ಈಜು ಕಲಿಸ್ತೀಯಾ? ನೀನು ಹೋಗಿ ಮುಂದಿನ ಸಾಲಲ್ಲಿ ಕೂತ್ಕೋ. ನಾನೊಂದು ಸುತ್ತು ಹಾಕಿ ಬಂದೆ."

ಮೀನು ಭಾಷಣವನ್ನು ಗುನುಗಿಕೊಳ್ಳುತ್ತಾ ಒಳಗೆ ಹೊರಟಿತು. ಮೊದಲು ಇದು ಬರೀ ಬಯಲು. ಗಡಿಗೆ ಮಾರುವವನೊಬ್ಬನ ಗಾಡಿಯ ಅಚ್ಚು ಇಲ್ಲೇ ಮುರಿಯಿತು. ಬೇರೆ ದಾರಿಯಿಲ್ಲದೆ ಗಡಿಗೆಗಳನ್ನು ಇಳಿಸಿ ಮಾರಿದ. ಮರುವರ್ಷ ಅಚ್ಚು ಗಟ್ಟಿಯಿದ್ದರೂ ಇಲ್ಲೇ ನಿಂತ, ಜೊತೆಗೆ ಕಂಬಳಿಯವನನ್ನೂ ಕರೆತಂದ. ಆಮೇಲೆ ದನಗಳು ಬಂದವು, ದನ ಕೊಳ್ಳುವವರು ಬಂದರು, ಅವರಿಗೆ ಚಹಾ ಕಾಯಿಸುವವರು ಬಂದರು...

ಮೇಷ್ಟ್ರ ನೆನಪಿನಲ್ಲಿ ದನದ ಸಾಲಿನಿಂದ ಎಡಕ್ಕೆ ವೇದಿಕೆ. ಆದರೆ ಆ ಸಾಲಿನಲ್ಲಿ ಈಗ ಟ್ರ್ಯಾಕ್ಟರುಗಳು ನಿಂತಿದ್ದವು. ಗುರುತಿಗಿದ್ದ ಬಾವಿಯನ್ನು ಮುಚ್ಚಿ ಮೇಲೆ ಐಸ್‌ಕ್ರೀಮ್ ಅಂಗಡಿ ಹಾಕಿದ್ದರು. 'ಮೇಳ ಬೆಳೆದಿದೆ' ಎಂದು ಭಾಷಣದಲ್ಲಿ ಒತ್ತಿ ಹೇಳಬೇಕೆಂದಿದ್ದವರಿಗೆ ಅದು ಈ ಪರಿ ಬೆಳೆದಿದೆಯೆಂದು ಗೊತ್ತಿರಲಿಲ್ಲ. ಎಲ್ಲಿ ತಿರುಗಿದರೂ ಅದೇ ನೀರಿನ ಪಂಪುಗಳ ಮಳಿಗೆ ಎದುರಾಗುತ್ತಿತ್ತು. ದಾರಿ ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಬಲೂನಿನವನ ಹತ್ತಿರ ಇನ್ಯಾರದೋ ಪರವಾಗಿ ಎಂಬಂತೆ, "ಹೊಸಬರು ವೇದಿಕೆಗೆ ಹೇಗೆ ಹೋಗ್ತಾರಪ್ಪ?" ಎಂದರು.

"ನಾನೂ ಹೊಸಬನೇ ಅಜ್ಜ," ಎಂದನವನು.

ಮಂಡಿ ಕೈಕೊಟ್ಟಿತು. ಕಣ್ಣಿಗೆ ಬಿದ್ದ ಡೇರೆಗೆ ನುಗ್ಗಿ ಕುರ್ಚಿಯಲ್ಲಿ ಕುಸಿದರು. ಅದು ಕಳೆದುಹೋದವರ ಡೇರೆ.

"ಯಾರ ಜೊತೆ ಬಂದಿದ್ರಿ, ತಾತ?" ಎಂದಳು ಮೈಕಿನ ಹುಡುಗಿ.

"ನಾನು ಕಳೆದುಹೋಗಿಲ್ಲಮ್ಮ. ವೇದಿಕೆ ಕಳೆದುಹೋಗಿದೆ."

"ಎಲ್ಲರೂ ಹಿಂಗೇ ಹೇಳೋದು. ಹೆಸರು?"

ಮೇಷ್ಟ್ರು ಬಾಯಿ ಹೊಲಿದುಕೊಂಡರು. "ಬಿಳಿ ಅಂಗಿ ಹಾಕಿರುವ, ಹೆಸರು ಹೇಳಲು ಒಪ್ಪದ ಒಬ್ಬ ಅಜ್ಜ ಇಲ್ಲಿದ್ದಾರೆ," ಎಂದು ಅವಳು ಇಡೀ ಮೇಳಕ್ಕೆ ಸಾರಿದಳು. ಮಾನ ಹರಾಜಾಗುತ್ತಿದ್ದರೂ ಮೇಷ್ಟ್ರಿಗೆ ಅವಳ ಉಚ್ಚಾರಣೆ ಮೆಚ್ಚುಗೆಯಾಯಿತು.

ಪಕ್ಕದಲ್ಲಿ ಪುಟ್ಟ ಮಗುವೊಂದು ಅಮ್ಮ ಬೇಕೆಂದು ಗೋಳಿಡುತ್ತಿತ್ತು. ಸಮಾಧಾನ ಮಾಡಲು ಬೇರೇನೂ ತೋಚದೆ ಮೇಷ್ಟ್ರು ತಮ್ಮ ಭಾಷಣವನ್ನೇ ಶುರು ಮಾಡಿದರು. ಕಂಬಳಿಯವನು ಬರುವಷ್ಟರಲ್ಲಿ ಅಳು ನಿಂತಿತು. ದನಗಳು ಬರುವಷ್ಟರಲ್ಲಿ ಮಗು ಅವರ ತೋಳಿಗೊರಗಿ ನಿದ್ದೆ ಹೋಗಿತ್ತು.

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದರು. "ಹೆಸರು ಹೇಳಲು ಒಪ್ಪದ ಅಜ್ಜ ಅಂದ ಕೂಡಲೇ ನೀವೇ ಅಂತ ಗೊತ್ತಾಯ್ತು. ಕಾದು ಕಾದು ನಿಮ್ಮ ಬದಲು ಬೇರೆಯವರ ಕೈಲಿ ಮಾತಾಡಿಸಿದ್ರು."

"ಮೆಲ್ಲಗೆ! ನನ್ನ ಭಾಷಣ ಕೇಳ್ತಾ ಈಗಷ್ಟೇ ನಿದ್ದೆ ಹೋಗಿದ್ದಾಳೆ. ಇವಳಮ್ಮ ಬರೋವರೆಗೆ ನಾನು ಅಲ್ಲಾಡೋ ಹಾಗಿಲ್ಲ."

ಹೆಂಡತಿ ಮಗುವನ್ನು ನೋಡಿದರು, ಗಂಡನನ್ನು ನೋಡಿದರು. "ಶಾಲೇಲೂ ಹಿಂಗೇ ಪಾಠ ಮಾಡ್ತಿದ್ರಿ ಅಲ್ವಾ?"

ಮೇಷ್ಟ್ರಿಗೆ ನಗು ಉಕ್ಕಿಬಂತು. ಮಗು ಎಚ್ಚರಗೊಳ್ಳದಂತೆ ತುಟಿ ಬಿಗಿಹಿಡಿದು, ಕಣ್ಣೀರು ಬರುವಷ್ಟು ಹೊಟ್ಟೆಯೊಳಗೇ ನಕ್ಕರು.