ಓಗೊಟ್ಟದ್ದು ಯಾರಿಗೆ

ಮೀಸೆಯಪ್ಪ ಓಗೊಟ್ಟ ದಿನ ಪ್ರಯೋಗಾಲಯದಲ್ಲಿ ಎಲ್ಲರೂ ಕುಣಿದಾಡಿದರು. ತಂಗಿಯ ಮೈ ಮಾತ್ರ ತಣ್ಣಗಾಯಿತು.

ಮೀಸೆಯಪ್ಪನೆಂದರೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕೋತಿ. ಮುಖದ ತುಂಬ ಬಿಳಿ ಮೀಸೆ, ಊರಿಗೆಲ್ಲ ತಾನೇ ಯಜಮಾನ ಎನ್ನುವ ಠೀವಿ ಬೇರೆ. ನದಿಯ ಬಲದಂಡೆಯ ಕಾಡು ಕಡಿದು ಬೋಳು ಮಾಡಿದಾಗ, ಸತ್ತ ತಾಯಿಯ ಬೆನ್ನಿಗೆ ಅಂಟಿಕೊಂಡು ಸಿಕ್ಕಿದ್ದ. ಅವನಿಗೆ ಹನಿಹನಿ ಹಾಲು ಕುಡಿಸಿ ಬದುಕಿಸಿದವಳು ಅಕ್ಕ. ಕೋತಿಗಳ ಕೂಗನ್ನು ಧ್ವನಿಮುದ್ರಿಸುವುದು ಅವಳ ಕೆಲಸ. ಅವುಗಳ ರಕ್ತದಿಂದ ಡಿಎನ್‌ಎ ತೆಗೆದು ಓದುವುದು ಅವಳ ಹಿಂದೆಯೇ ಕೆಲಸಕ್ಕೆ ಸೇರಿದ ತಂಗಿಯದು. ಹಾಗಾಗಿ ಇಡೀ ಪ್ರಯೋಗಾಲಯಕ್ಕೆ ಇವಳು ತಂಗಿಯೇ ಆಗಿಬಿಟ್ಟಳು.

ಎರಡು ದಂಡೆಯ ಕೋತಿಗಳನ್ನು ಜೊತೆಗೆ ಕೂರಿಸಿದರೆ ನಮ್ಮ ನಿಮ್ಮ ಕಣ್ಣಿಗೆ ಒಂದೇ ಅಚ್ಚು. ರಕ್ತ ಬೇರೆಯದನ್ನೇ ಹೇಳುತ್ತಿತ್ತು. ನದಿ ಹುಟ್ಟುವ ಕಡೆ, ಎರಡು ದಡದ ಕೊಂಬೆಗಳು ಒಂದಕ್ಕೊಂದು ತಾಗುವಲ್ಲಿ, ಅವು ದಾಟಿ ಬೆರೆತಿದ್ದವು. ಕೆಳಗೆ ನದಿಯ ಪಾತ್ರ ಹಿಗ್ಗಿದ, ಮೀಸೆಯಪ್ಪ ಸಿಕ್ಕಿದ ಕಡೆ ಲಕ್ಷಾಂತರ ವರ್ಷಗಳಿಂದ ಹೆಣ್ಣು ಕೊಟ್ಟು ತಂದದ್ದೇ ಇಲ್ಲ. ಈ ಕೋತಿಗಳಿಗೆ ಈಜು ಬಾರದು.

ಅಕ್ಕನಿಗೆ ಬರುತ್ತಿತ್ತು. ಆದರೂ ಹೋದ ವರ್ಷ ಎಡದಂಡೆಗೆ ಹೊರಟ ದೋಣಿ ಮಗುಚಿದಾಗ ಅವಳು ಯಾವ ದಂಡೆಯನ್ನೂ ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದಿದ್ದರೆ ಮನಸ್ಸು ಹಾಳಾದ್ದು, ಬಾಗಿಲು ಸದ್ದಾದರೆ ಸಾಕು, ತಿರುಗಿ ನೋಡು ಎನ್ನುತ್ತದೆ.

ಈಗ ಎಡದಂಡೆಯಿಂದ ಒಂದು ಹೆಣ್ಣುಕೋತಿ ಬಂದಿತ್ತು. ಬಲದಂಡೆಯ ಹೆಣ್ಣು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಮೀಸೆಯಪ್ಪನನ್ನು ಇದರ ಪಂಜರಕ್ಕೇ ಬಿಡೋಣ, ಮರಿಯಾದರೂ ಆಗಲಿ ಎಂದು ಪ್ರೊಫೆಸರರ ಹಟ. ಹಿಂದೊಮ್ಮೆ ಹೀಗೆ ಬಿಟ್ಟ ಗಂಡನ್ನು ಹೆಣ್ಣು ಕಚ್ಚಿ ಕೊಂದುಹಾಕಿತ್ತು. ಅದಕ್ಕೇ ಈ ಪರೀಕ್ಷೆ. ಎಡದಂಡೆಯ ಕೂಗನ್ನು ಕೇಳಿಸುವುದು. ಮೀಸೆಯಪ್ಪ ಓಗೊಟ್ಟರೆ ಎರಡಕ್ಕೂ ಇನ್ನೂ ಮಾತುಕತೆ ಉಳಿದಿದೆ ಎಂದುಕೊಂಡು ಎರಡು ಪಂಜರಗಳ ನಡುವಿನ ಬಾಗಿಲು ತೆಗೆಯುವುದು.

ಓಗೊಟ್ಟೇ ಬಿಟ್ಟ. ಆದರೆ ಅಕ್ಕ ಎಂದೋ ಎಡದಂಡೆಗೆ ಹೋಗಿ ಮಾಡಿ ತಂದಿದ್ದ ಆ ಧ್ವನಿಮುದ್ರಣ ಶುರುವಾಗುತ್ತಿದ್ದದ್ದು ಅವಳ ಮಾತಿನಿಂದ: “ಎಡದಂಡೆ. ಹೆಣ್ಣು. ಹೂಂ, ಶುರು ಮಾಡು ತಾಯೀ...” ಆ ಎಳೆತ ಮುಗಿಯುವ ಮೊದಲೇ ಮೀಸೆಯಪ್ಪ ಸಿಳ್ಳೆ ಹಾಕಿ, ಕತ್ತು ಉದ್ದ ಮಾಡಿ ಕೋಣೆಯ ಬಾಗಿಲ ಕಡೆ ನೋಡಿದ. ತಂಗಿಯೂ ಅತ್ತಲೇ ನೋಡಿದ್ದಳು.

“ಸರ್, ಅವನು ಓಗೊಟ್ಟಿದ್ದು ಕೋತಿಗಲ್ಲ. ಅಕ್ಕಂಗೆ.”

ಪ್ರೊಫೆಸರು ಕೆಟ್ಟವರಲ್ಲ, ಆಸೆಬುರುಕರು. “ಎಂಥಾ ಸುದ್ದಿಗೆ ಕಲ್ಲು ಹಾಕ್ತೀಯಮ್ಮಾ!” ಎಂದರು. ಆದರೂ ಅಕ್ಕನ ಮಾತನ್ನು ಬಿಟ್ಟು ಕೂಗೊಂದನ್ನೇ ಹಾಕಿದರು. ಮೀಸೆಯಪ್ಪ ಬಾಲ ಕೆರೆದುಕೊಂಡ.

ಪ್ರೊಫೆಸರು ಬಿಡಲಿಲ್ಲ. “ತೂಕಡಿಸ್ತಿದ್ದಾನೆ ಅಷ್ಟೇ. ಮನುಷ್ಯರ ದನಿ ಕೇಳಿದ್ರೆ ಎಚ್ಚರ ಆಗಿ ಓಗೊಡ್ತಾನೆ. ನಿಮ್ಮಿಬ್ಬರ ದನಿ ಒಂದೇ ತಾನೆ? ಫೋನಲ್ಲಿ ನಿಮ್ಮಮ್ಮಂಗೇ ಗೊತ್ತಾಗ್ತಿರಲಿಲ್ಲ ಅಂತಿದ್ರಿ. ಅದೇ ಮಾತು ನೀನು ಹೇಳು, ಹಿಂದೆನೇ ಕೂಗು ಹಾಕ್ತೀನಿ. ಕೂಗು ಕೇಳಿ ಓಗೊಟ್ಟರೆ ಬಾಗಿಲು ತೆಗೆಯೋದೇ. ಸುಮ್ಮನಿದ್ರೆ ನೀನು ಗೆದ್ದೆ.”

ತಂಗಿ ಗಾಜಿನಾಚೆ ಕೂತು ಮೈಕು ಹತ್ತಿರ ಎಳೆದುಕೊಂಡಳು. ಸಪ್ಪೆಯಾಗಿ ಹೇಳಿ ಮುಗಿಸಬೇಕು, ಅವನ ಜೀವ ಉಳಿಯಬೇಕು ಎಂದುಕೊಂಡೇ ಕೂತವಳು.

“ಎಡದಂಡೆ. ಹೆಣ್ಣು,” ಎಂದಳು. ಅಷ್ಟಕ್ಕೇ ಕೊರಳು ಹಿಡಿತ ತಪ್ಪಿತು. “ಹೂಂ, ಶುರು ಮಾಡು ತಾಯೀ...” ಅದೇ ಎಳೆತ, ಕೊನೆಯಲ್ಲಿ ಅದೇ ಚೂರು ನಗು. ತನ್ನ ಬಾಯಿಂದ ಬಂದ ದನಿಗೆ ಅವಳೇ ತಿರುಗಿ ನೋಡಿದಳು.

ಹಿಂದೆಯೇ ಕೋತಿಯ ಕೂಗು ಬಂತು. ಮೀಸೆಯಪ್ಪ ಜಾಲರಿಗೆ ಬಂದು ಕೈ ಊರಿ, ತಲೆ ಓರೆ ಮಾಡಿದ.

ಓಗೊಡೋ, ಎಂದು ತಂಗಿ ಒಳಗೊಳಗೇ ಅಂಗಲಾಚಿದಳು. ಒಂದೇ ಒಂದು ಸಲ. ಅವನು ಓಗೊಟ್ಟರೆ ಬಾಗಿಲು, ಬಾಗಿಲಾಚೆ ಆ ಹಲ್ಲುಗಳು. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಂಗಲಾಚಿದಳು. ಅಕ್ಕ ತನ್ನೊಳಗಾದರೂ ಉಳಿದಿದ್ದಾಳೆಂದು ಒಂದು ಜೀವ ಒಪ್ಪಿದರೆ ಸಾಕಿತ್ತು, ಆ ಜೀವ ಹೋದರೂ ಸರಿಯೇ ಎನ್ನುವಷ್ಟು.

ಮೀಸೆಯಪ್ಪ ಸ್ಪೀಕರನ್ನು ನೋಡಿದ. ಗಾಜಿನಾಚೆ ಇದ್ದ ಅವಳನ್ನು ನೋಡಿದ. ಕೋಣೆಯ ಬಾಗಿಲ ಕಡೆ ತಿರುಗಲೇ ಇಲ್ಲ. ಮೂಲೆಗೆ ಹೋಗಿ, ಬೆನ್ನು ಮಾಡಿ ಕೂತುಬಿಟ್ಟ.

ಪ್ರೊಫೆಸರು ಉಸಿರುಬಿಟ್ಟರು. “ಸರಿ ಬಿಡು, ತೆಗೆಯೋದು ಬೇಡ. ನೀನು ಹೇಳಿದ್ದೇ ನಿಜ ತಂಗಿ, ಬದುಕಿಕೊಂಡ.”

ಅವಳು ಹೂಂ ಎಂದಳು. ಆಮೇಲೆ ಮೈಕಿನ ಮೇಲೆ ತಲೆಯಿಟ್ಟು, ವರ್ಷವಿಡೀ ಅಳದಿದ್ದವಳು, ಅಕ್ಕ ಸತ್ತಳೆಂದು ಅತ್ತಳು.