ಗೋಡೆಗೇರಿದ ಅಕ್ಕ

ಇಸ್ತ್ರಿ ಅಂಗಡಿಯ ಅಕ್ಕ ದೇಶವಾಗಿದ್ದು ಒಂದು ಮಧ್ಯಾಹ್ನ, ಅದೂ ಗೊಣಗುತ್ತಾ. ಮಹಡಿ ಮೇಲಿನ ಚಿತ್ರಗಾರನಿಗೆ ಸೈನ್ಯದವರು ಒಂದು ಪೋಸ್ಟರ್ ಬರೆಯಲು ಹೇಳಿದ್ದರು. ದೇಶಮಾತೆ ಕೈಯೆತ್ತಿ ಮಕ್ಕಳನ್ನು ಸೈನ್ಯಕ್ಕೆ ಕರೆಯಬೇಕು. ದೇಶದ ಮುಖ ಕಂಡವರು ಯಾರು? ಚಿತ್ರಗಾರ ಕಂಡದ್ದು ಕೆಂಡದ ಪೆಟ್ಟಿಗೆ ಎತ್ತಿದ್ದ ಅಕ್ಕನ ತೋಳನ್ನು. ಸ್ವಲ್ಪ ಹೊತ್ತು ಹಾಗೇ ಇರಿ ಅಂದ. ನಾನು ಹೀಗೇ ನಿಂತರೆ ಗಿರಾಕಿಗಳ ಅಂಗಿ ನಿಮ್ಮ ತಾತ ಬಂದು ಇಸ್ತ್ರಿ ಮಾಡ್ತಾರಾ ಅಂತ ಕೇಳುತ್ತಲೇ ಅಕ್ಕ ನಿಂತಳು. ಆ ಗಂಟು ಹುಬ್ಬೇ ಚಿತ್ರದಲ್ಲಿ ವೈರಿಯ ಮೇಲಿನ ಸಿಟ್ಟಾಯಿತು. ಇಸ್ತ್ರಿಪೆಟ್ಟಿಗೆ ಕತ್ತಿಯಾಯಿತು, ಯಾರದೋ ಹಾಸಿಗೆಯ ಹೊದಿಕೆ ಬಾವುಟವಾಯಿತು. ಬಟ್ಟೆಗಂಟಿನ ಮೇಲೆ ಆಕಳಿಸುತ್ತಿದ್ದ ಬೆಕ್ಕಿಗೆ ಸಿಂಹವಾಗಿ ಬಡ್ತಿ ಸಿಕ್ಕಿತು.

ಅಕ್ಕನ ತಮ್ಮ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸೈಕಲ್ ರಿಪೇರಿ ಅವನ ಕೆಲಸ, ಊರಿನವರ ದನಿಯನ್ನೆಲ್ಲ ಅಣಕಿಸುವುದು ಅವನ ಚಟ. ಮಕ್ಕಳೇ, ಪ್ರಾಣ ಕೊಡಿ, ಆದರೆ ಕಾಲರ್ ಮುದುಡಬೇಡಿ ಅಂತ ದೇಶಮಾತೆಯ ಗತ್ತಿನಲ್ಲಿ ಅಪ್ಪಣೆ ಕೊಡಿಸಿದ. ಅಕ್ಕ ಸೌಟು ತೋರಿಸಿದಳು. ಅಪ್ಪ ಅಮ್ಮ ಹೋದಮೇಲೆ ಅವನನ್ನು ಕಂಕುಳಲ್ಲಿಟ್ಟುಕೊಂಡು ಸಾಕಿದವಳು ಅವಳೇ.

ಪೋಸ್ಟರನ್ನು ರೈಲು ಸ್ಟೇಷನ್ನಿನ ಎದುರಿನ ಗೋಡೆಗೆ, ತಾರಸಿಯಿಂದ ಬಾಗಿಲ ಮೇಲ್ಗಡೆವರೆಗೆ, ಹಾಳೆಗೆ ಹಾಳೆ ಕೂಡಿಸಿ ಅಂಟಿಸಿದರು. ನಗೋಣವೆಂದು ಹೋದ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಕಿಟಕಿಯಷ್ಟು ದೊಡ್ಡ ಕಣ್ಣು! ಆಚೆ ಸರಿದರೂ ಈಚೆ ಸರಿದರೂ ಅದು ಬಿಡಲಿಲ್ಲ. ಕೆಳಗೆ ನಡೆಯುವವರು ತಾವಾಗೇ ದನಿ ತಗ್ಗಿಸುತ್ತಿದ್ದರು. ಅಕ್ಕನಿಗೂ ತನ್ನದೇ ಮುಖದೆದುರು ತಲೆ ತಗ್ಗಿತು.

ಕೆಲವು ದಿನ ಕಳೆದು ಸೈಕಲ್ ಅಂಗಡಿಯ ಯಜಮಾನ ಬಂದ. ನಿನ್ನ ತಮ್ಮ ಕೆಲಸ ಬಿಟ್ಟು ಸೈನ್ಯಕ್ಕೆ ಸೇರೋ ಸಾಲಲ್ಲಿ ನಿಂತಿದ್ದಾನೆ ಅಂದ. ಅಕ್ಕ ಪೆಟ್ಟಿಗೆಯನ್ನು ಹಾಗೇ ಇಟ್ಟು ಓಡಿದಳು. ಕಿವಿ ಹಿಂಡಿ ಎಳೆದು ತರಬೇಕು, ಅಷ್ಟೇ.

ಭರ್ತಿ ಕಚೇರಿ ಇದ್ದದ್ದು ಆ ಗೋಡೆಯ ಬುಡದಲ್ಲೇ. ಸಾಲು ಬೀದಿಯ ತಿರುವಿನವರೆಗೂ ಇತ್ತು, ತಮ್ಮ ನಡುಮಧ್ಯದಲ್ಲಿದ್ದ. ಕತ್ತೆತ್ತಿ ಗೋಡೆಯನ್ನೇ ನೋಡುತ್ತಿದ್ದವನಿಗೆ ಅಕ್ಕ ಬಂದದ್ದೂ ಕಾಣಲಿಲ್ಲ.

ಕಂಡದ್ದು ಅವನ ಮುಂದಿದ್ದವನಿಗೆ. ಅವನು ಗೋಡೆಯ ಮೇಲೆ ನೋಡಿದ, ಬೀದಿಯಲ್ಲಿ ನೋಡಿದ, ಮೆಲ್ಲಗೆ ಟೋಪಿ ತೆಗೆದ. ಸಾಲಿನುದ್ದಕ್ಕೂ ಮಾತು ಒಬ್ಬೊಬ್ಬರ ಬಾಯಲ್ಲೂ ಆರುತ್ತಾ ಹೋಯಿತು. ಇದ್ದಿಲ ಮಸಿ ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದ ಹೆಂಗಸಿನ ಮುಂದೆ ಅಷ್ಟು ಜನ ಗಂಡಸರು ಉಸಿರು ಹಿಡಿದು ನಿಂತರು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಉದುರಿಹೋಗಿ ಒಂದೇ ಮಾತು ಉಳಿಯಿತು.

"ಮನೆಗೆ ನಡಿಯಪ್ಪ."

ಟೋಪಿ ತೆಗೆದವನು ತಲೆಯಾಡಿಸಿ ಸಾಲು ಬಿಟ್ಟ. ಅವನ ಮುಂದಿನವನೂ ಬಿಟ್ಟ, ಅದರ ಮುಂದಿನವನೂ. ಯಾಕೆಂದು ಒಬ್ಬನೂ ಕೇಳಲಿಲ್ಲ. ಕರೆದವಳೇ ಕಳಿಸುವಾಗ ಕೇಳುವುದೇನು? ಬೆಟ್ಟದಂಥ ಆಳೊಬ್ಬ ಅಳುತ್ತಾ ಹೋದ. ನಾನು ಹೇಳಿದ್ದು ಇವನೊಬ್ಬನಿಗೇ ಅನ್ನಲು ಹೊರಟ ಅಕ್ಕ ಅವರು ಹೋಗುವುದನ್ನೇ ನೋಡುತ್ತಾ ನಿಂತಳು. ತನ್ನ ಮಾತಿಗೆ ಜನ ಹೀಗೆ ಕರಗುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ತಮ್ಮ ಮಾತ್ರ ಕದಲಲಿಲ್ಲ.

"ಅವರಿಗೆಲ್ಲ ಹೇಳಿದ್ದು ಅವಳು," ಅಂದ, ಗೋಡೆಯ ಕಡೆ ಗಲ್ಲ ಎತ್ತಿ. "ನನಗೆ ಹೇಳಿದ್ದು ನೀನು. ನಿನ್ನ ಮಾತು ನಾನು ಯಾವತ್ತು ಕೇಳಿದ್ದೀನಿ?"

"ಅವಳೂ ನಾನೇ ಕಣೋ."

"ಅಲ್ಲ ಅಕ್ಕ. ನೀನು ನಡಿ ಅಂತೀಯ. ಅವಳು ಬಾ ಅಂತಾಳೆ."

ಬಾಗಿಲಲ್ಲಿದ್ದ ಗುಮಾಸ್ತ ತಲೆಯೆತ್ತಿ, ಮುಂದಿನವರು ಬನ್ನಿ ಅಂದ. ಸಂಜೆಗೂ ಬರುವಂತಿರಲಿಲ್ಲ ತಮ್ಮನ ಸರದಿ. ಈಗ ಅವನಿಗೂ ಬಾಗಿಲಿಗೂ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದವರನ್ನೆಲ್ಲ ಅಕ್ಕನೇ ಮನೆಗೆ ಕಳಿಸಿದ್ದಳು.